ಹೀರೋ ಇಲ್ಲ, ಡೈರೆಕ್ಟರ್ ಇಲ್ಲ, ಆದರೂ ಹೌಸ್‌ಫುಲ್: ಹಳೇ ತಮಿಳು ಸಿನಿಮಾ ಇನ್ನೂ ಯಾಕೆ ಓಡುತ್ತೆ? ಕನ್ನಡದವರಿಗೂ ಇದಕ್ಕೂ ಏನು ನಂಟು?

ಕೋಲಾರ: 2012ರ ಮಾರ್ಚ್ ತಿಂಗಳು. ಚೆನ್ನೈನ ಥಿಯೇಟರ್‌ಗಳಿಗೆ ಒಂದು ಸಿನಿಮಾ ಬಂತು. ಅದರ ಹೀರೋ ತೀರಿಕೊಂಡು ಹತ್ತು ವರ್ಷ ದಾಟಿತ್ತು. ಡೈರೆಕ್ಟರ್ ತೀರಿಕೊಂಡು 37 ವರ್ಷವಾಗಿತ್ತು. ಸಿನಿಮಾ ಮೊದಲ ಸಲ ತೆರೆ ಕಂಡಿದ್ದು 1964ರ ಪೊಂಗಲ್ ಹಬ್ಬಕ್ಕೆ. ಅಷ್ಟು ಹಳೇ ಚಿತ್ರವನ್ನು ಜನ ದುಡ್ಡು ಕೊಟ್ಟು, ಕ್ಯೂ ನಿಂತು ನೋಡಿದರು. ಮಲ್ಟಿಪ್ಲೆಕ್ಸ್‌ನಲ್ಲಿ ಹೊಸ ಚಿತ್ರಗಳ ಪಕ್ಕದ ಸ್ಕ್ರೀನ್‌ನಲ್ಲೇ ಓಡಿ, ನೂರು ದಿನ ದಾಟಿಸಿತು. ಆ ಚಿತ್ರದ ಹೆಸರು ‘ಕರ್ಣನ್’. ಕರ್ಣನಾಗಿ ಶಿವಾಜಿ ಗಣೇಶನ್, ಕೃಷ್ಣನಾಗಿ ಎನ್.ಟಿ. ರಾಮರಾವ್.

ಎರಡು ವರ್ಷ ಬಿಟ್ಟು, 2014ರಲ್ಲಿ, ಇನ್ನೊಂದು ಹಳೇ ಚಿತ್ರ ಹೀಗೇ ವಾಪಸ್ ಬಂತು. ಎಂಜಿಆರ್ ಮತ್ತು ಜಯಲಲಿತಾ ಮೊದಲ ಸಲ ಜೋಡಿಯಾದ 1965ರ ‘ಆಯಿರತ್ತಿಲ್ ಒರುವನ್’. ಅದೂ ಚೆನ್ನೈನಲ್ಲಿ ನೂರು ದಿನ ದಾಟಿತು.

ಈಗ ನಾವು ಗಮನಿಸಬೇಕಾದ ವಿಷಯ. ಈ ಎರಡೂ ಚಿತ್ರಗಳನ್ನು ನಿರ್ಮಿಸಿ ನಿರ್ದೇಶಿಸಿದ್ದು ಒಬ್ಬರೇ, ಬಿ.ಆರ್. ಪಂತುಲು. ಅವರ ಹೆಸರಿನ ಮುಂದಿರುವ ‘ಬಿ’ ಅಂದರೆ ಬುಡಗೂರು.

ಅರ್ಧ ಶತಮಾನ ಕಳೆದ ಮೇಲೂ ಈ ಚಿತ್ರಗಳು ಯಾಕೆ ಹಳಸಿಲ್ಲ? ಬರೀ ಅಭಿಮಾನ ಅಂತ ಹೇಳಿ ಮುಗಿಸೋಕೆ ಆಗಲ್ಲ. ಅಭಿಮಾನಿಗಳಿಗೂ ವಯಸ್ಸಾಗುತ್ತೆ. ಇದರ ಹಿಂದೆ ಬೇರೆ ಕಾರಣಗಳಿವೆ. ಒಂದೊಂದಾಗಿ ನೋಡೋಣ.

ಕಣ್ಣು ಮುಚ್ಚಿಕೊಂಡೂ ‘ನೋಡಬಹುದಾದ’ ಸಿನಿಮಾ

ಮೊದಲ ಕಾರಣ, ಈ ಚಿತ್ರಗಳು ಕಿವಿಗಾಗಿ ಕಟ್ಟಿದ ಚಿತ್ರಗಳು. 1940ರ ದಶಕದ ಕೊನೆಯಿಂದ ತಮಿಳು ಸಿನಿಮಾದಲ್ಲಿ ಸಂಭಾಷಣೆ ಬರೆಯುವವರಿಗೆ ಹೀರೋಗೆ ಸಮನಾದ ಬೆಲೆ ಬಂತು. ಸಿ.ಎನ್. ಅಣ್ಣಾದುರೈ ಅವರ ಕಥೆಯ ‘ವೇಲೈಕ್ಕಾರಿ’ 1949ರಲ್ಲಿ ಬಂತು. ಎಂ. ಕರುಣಾನಿಧಿ ಸಂಭಾಷಣೆ ಬರೆದ ‘ಮಂತ್ರಿ ಕುಮಾರಿ’ 1950ರಲ್ಲಿ, ‘ಪರಾಶಕ್ತಿ’ 1952ರ ದೀಪಾವಳಿಗೆ ಬಂದವು. ಪ್ರಾಸ ಹಾಕಿ, ಉಸಿರು ಕಟ್ಟಿ, ಒಂದೇ ಓಟಕ್ಕೆ ಹೇಳುವ ಉದ್ದುದ್ದ ಮಾತುಗಳು. ‘ಪರಾಶಕ್ತಿ’ಯ ಕೋರ್ಟ್ ದೃಶ್ಯದಲ್ಲಿ ಕಟಕಟೆಯಲ್ಲಿ ನಿಂತ ಹೀರೋ ತನ್ನ ಮೇಲಿನ ಆರೋಪಕ್ಕೆ ಉತ್ತರ ಕೊಡುತ್ತಾ ಇಡೀ ಸಮಾಜವನ್ನೇ ಕಟಕಟೆಗೆ ಎಳೀತಾನೆ. ಸಿನಿಮಾ ನೋಡಿದವರು ಆ ಮಾತನ್ನು ಪುಸ್ತಕ ಕೊಂಡು ಬಾಯಿಪಾಠ ಮಾಡಿದರು.

1959ರ ‘ವೀರಪಾಂಡಿಯ ಕಟ್ಟಬೊಮ್ಮನ್’ ಕೂಡ ಅದೇ ಜಾತಿ. ಇದೂ ಪಂತುಲು ಅವರದ್ದೇ. ತೆರಿಗೆ ಕೇಳಿದ ಬ್ರಿಟಿಷ್ ಅಧಿಕಾರಿಗೆ ಪಾಳೇಗಾರ ಕಟ್ಟಬೊಮ್ಮನ್ ಕೊಡುವ ಉತ್ತರವನ್ನು ತಮಿಳುನಾಡಿನ ಶಾಲಾ ಮಕ್ಕಳು ಸ್ಪರ್ಧೆಗಳಲ್ಲಿ ಇವತ್ತಿಗೂ ಹೇಳ್ತಾರೆ. ಕರ್ನಾಟಕದಲ್ಲಿ ‘ಕಿತ್ತೂರು ಚೆನ್ನಮ್ಮ’ನ ಮಾತನ್ನು ಮಕ್ಕಳು ವೇದಿಕೆ ಮೇಲೆ ಹೇಳ್ತಾರಲ್ಲ, ಹಾಗೆ. ಅಂದಹಾಗೆ, 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರವನ್ನು ಮಾಡಿದ್ದೂ ಇದೇ ಪಂತುಲು. ಚೆನ್ನಮ್ಮನಾಗಿದ್ದು ಬಿ. ಸರೋಜಾದೇವಿ.

ಹೀಗೆ ಮಾತಿನ ಮೇಲೆ ನಿಂತ ಚಿತ್ರಕ್ಕೆ ಒಂದು ಅನುಕೂಲ ಇದೆ. ಥಿಯೇಟರ್ ಇಲ್ಲದಿದ್ದರೂ ಅದು ಬದುಕುತ್ತೆ. ಆಕಾಶವಾಣಿಯ ತಮಿಳು ಪ್ರಸಾರದಲ್ಲಿ ಇಡೀ ಸಿನಿಮಾದ ಧ್ವನಿಯನ್ನು ಚಿಕ್ಕದು ಮಾಡಿ ‘ಒಲಿಚ್ಚಿತ್ತಿರಂ’ ಅಂತ ಹಾಕ್ತಿದ್ದರು. ಜನ ರೇಡಿಯೋ ಸುತ್ತ ಕೂತು ಸಿನಿಮಾ ‘ಕೇಳ್ತಿದ್ದರು’. ರೇಡಿಯೋ ಸಿಲೋನ್‌ನ ತಮಿಳು ಸೇವೆ ಸಮುದ್ರದಾಚೆಯಿಂದ ಹಾಡುಗಳನ್ನು ತಂದು ಸುರೀತಿತ್ತು. ಮದುವೆ ಮನೆಯ ಮೈಕ್ ಸೆಟ್, ಟೀ ಅಂಗಡಿಯ ರೇಡಿಯೋ, ಆಮೇಲೆ ಕ್ಯಾಸೆಟ್, ಈಗ ಸನ್ ಲೈಫ್, ಮುರಸು ತರಹದ ಚಾನೆಲ್, ಯೂಟ್ಯೂಬ್. ಹೀಗೆ ಒಂದು ತಲೆಮಾರಿನ ಕಿವಿಯಿಂದ ಇನ್ನೊಂದು ತಲೆಮಾರಿನ ಕಿವಿಗೆ ದಾಟಿಕೊಂಡು ಬಂತು. 2012ರಲ್ಲಿ ‘ಕರ್ಣನ್’ ನೋಡೋಕೆ ಬಂದ ಎಷ್ಟೋ ಯುವಕರಿಗೆ ಚಿತ್ರ ಹೊಸದು. ಹಾಡು ಮಾತ್ರ ಹುಟ್ಟಿದಾಗಿನಿಂದ ಕೇಳಿದ್ದು.

ಕೊನೇ ಸಾಲಿನವರಿಗೂ ಕೇಳಬೇಕು

ಎರಡನೇ ಕಾರಣ, ನಟರು ಬಂದ ದಾರಿ. ಆಗಿನ ದೊಡ್ಡ ನಟರು ಹೆಚ್ಚಿನವರು ನಾಟಕ ಕಂಪನಿಯಲ್ಲಿ ಬೆಳೆದವರು. ಎಂಜಿಆರ್ ಚಿಕ್ಕ ಹುಡುಗನಾಗಿದ್ದಾಗಲೇ ‘ಮಧುರೈ ಒರಿಜಿನಲ್ ಬಾಯ್ಸ್ ಕಂಪನಿ’ ಸೇರಿದರು. ಶಿವಾಜಿ ಕೂಡ ಬಾಲ್ಯದಲ್ಲೇ ಮನೆ ಬಿಟ್ಟು ಕಂಪನಿಗೆ ಹೋದವರು. ಅಡುಗೆ, ಊಟ, ನಿದ್ದೆ, ಪಾಠ ಎಲ್ಲ ಅಲ್ಲೇ. ಹಾಡಬೇಕು, ಕುಣಿಯಬೇಕು, ಕತ್ತಿ ಹಿಡಿಯಬೇಕು, ಹೆಣ್ಣು ಪಾತ್ರವೂ ಮಾಡಬೇಕು. ನಮ್ಮ ಡಾ. ರಾಜ್‌ಕುಮಾರ್ ಗುಬ್ಬಿ ಕಂಪನಿಯಲ್ಲಿ ಪಳಗಿದ್ದು ನೆನಪಿದ್ದವರಿಗೆ ಇದು ಬೇಗ ಅರ್ಥ ಆಗುತ್ತೆ.

ಗಣೇಶನ್‌ಗೆ ‘ಶಿವಾಜಿ’ ಅನ್ನೋ ಹೆಸರು ಬಂದದ್ದೂ ನಾಟಕದಿಂದಲೇ. ಅಣ್ಣಾದುರೈ ಬರೆದ ನಾಟಕದಲ್ಲಿ ಛತ್ರಪತಿ ಶಿವಾಜಿಯ ಪಾತ್ರ ಮಾಡಿದರು. ಅದನ್ನು ಮೆಚ್ಚಿ ಪೆರಿಯಾರ್ ಆ ಹೆಸರಿಂದ ಕರೆದರು. ಹೆಸರು ಹಾಗೇ ಉಳೀತು.

ಇವತ್ತಿನ ಹುಡುಗರು ಶಿವಾಜಿ ಚಿತ್ರ ನೋಡಿ ‘ಓವರ್ ಆಕ್ಟಿಂಗ್’ ಅಂತಾರೆ. ಅದಕ್ಕೂ ಉತ್ತರ ಇಲ್ಲೇ ಇದೆ. ಮೈಕ್ ಇಲ್ಲದ ರಂಗದ ಮೇಲೆ ಕೊನೇ ಸಾಲಿನವನಿಗೂ ಮುಖದ ಭಾವ ಕಾಣಬೇಕು, ಮಾತು ಕೇಳಬೇಕು. ಆ ಅಳತೆಗೆ ಹೊಲಿದ ಬಟ್ಟೆ ಅದು. ಮೊಬೈಲ್‌ನ ಅಂಗೈಯಗಲ ಪರದೆಯಲ್ಲಿ ನೋಡಿದರೆ ಜಾಸ್ತಿ ಅನ್ನಿಸಬಹುದು. ಟೆಂಟ್ ಸಿನಿಮಾದ ಮಣ್ಣಿನ ನೆಲದಲ್ಲಿ ಕೂತು ನೋಡಿದವರಿಗೆ ಅದು ಸರಿಯಾಗೇ ಇತ್ತು. ಹೊರಗಿನವರೂ ಅದನ್ನು ಗುರುತಿಸಿದರು. ‘ಕಟ್ಟಬೊಮ್ಮನ್’ ಪಾತ್ರಕ್ಕೆ 1960ರಲ್ಲಿ ಕೈರೋದ ಆಫ್ರೋ–ಏಷ್ಯನ್ ಚಿತ್ರೋತ್ಸವದಲ್ಲಿ ಶಿವಾಜಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ಅದೇ ಶಿವಾಜಿ ಧ್ವನಿ ತಗ್ಗಿಸಿ ನಟಿಸಿದ ಚಿತ್ರಗಳೂ ಇವೆ. 1954ರ ‘ಅಂದ ನಾಳ್’ನಲ್ಲಿ ಒಂದೂ ಹಾಡಿಲ್ಲ. ಹಾಡಿಲ್ಲದ ತಮಿಳು ಚಿತ್ರ ಆಗ ಯಾರೂ ಊಹಿಸದ ಸಾಹಸ. 1968ರ ‘ತಿಲ್ಲಾನಾ ಮೋಹನಾಂಬಾಳ್’ನಲ್ಲಿ ಅವರು ನಾದಸ್ವರ ವಿದ್ವಾಂಸ. ನಿಜವಾಗಿ ನುಡಿಸಿದ್ದು ಸೇತುರಾಮನ್–ಪೊನ್ನುಸಾಮಿ ಸಹೋದರರು. ಆದರೆ ಕೆನ್ನೆ ಉಬ್ಬಿಸುವುದು, ಬೆರಳಾಡಿಸುವುದು, ಉಸಿರು ಎಳೆಯುವುದು ನೋಡಿದರೆ ವಾದ್ಯ ಹಿಡಿದವರೇ ಶಿವಾಜಿ ಅನ್ನಿಸುತ್ತೆ. ನಮ್ಮೂರ ಜಾತ್ರೆ, ಮದುವೆಯಲ್ಲಿ ಓಲಗ ಊದುವವರನ್ನು ಹತ್ತಿರದಿಂದ ನೋಡಿದವರಿಗೆ ಆ ಪಾತ್ರದ ಕಷ್ಟ ಗೊತ್ತಾಗುತ್ತೆ.

ಎಂಜಿಆರ್: ದುಡಿಯುವವನ ವೇಷದ ಹೀರೋ

ಎಂಜಿಆರ್ ಕಥೆ ಬೇರೆ. 1917ರಲ್ಲಿ ಶ್ರೀಲಂಕಾದ ನಾವಲಪಿಟಿಯದಲ್ಲಿ ಹುಟ್ಟಿದವರು. ಮೊದಲ ಚಿತ್ರ 1936ರ ‘ಸತಿ ಲೀಲಾವತಿ’, ಅದರಲ್ಲಿ ಸಣ್ಣ ಪಾತ್ರ. ಹೀರೋ ಆಗೋಕೆ 1947ರ ‘ರಾಜಕುಮಾರಿ’ ತನಕ, ಅಂದರೆ 11 ವರ್ಷ ಕಾಯಬೇಕಾಯಿತು. ಆಗ ಅವರಿಗೆ ಮೂವತ್ತು.

ಜನ ಏನು ನೋಡೋಕೆ ಬರ್ತಾರೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ‘ಪಡಗೋಟಿ’ಯಲ್ಲಿ ದೋಣಿ ನಡೆಸುವವ, ‘ವಿವಸಾಯಿ’ಯಲ್ಲಿ ರೈತ, ‘ತೊಳಿಲಾಳಿ’ಯಲ್ಲಿ ಕಾರ್ಮಿಕ, ‘ರಿಕ್ಷಾಕ್ಕಾರನ್’ನಲ್ಲಿ ರಿಕ್ಷಾ ಎಳೆಯುವವ. ಹೆಸರಲ್ಲೇ ಕಸುಬು. ತೆರೆ ಮೇಲೆ ಸಿಗರೇಟು, ಹೆಂಡ ಮುಟ್ಟದ ಹೀರೋ ಅನ್ನೋ ಹೆಸರನ್ನು ಕೊನೇತನಕ ಕಾಪಾಡಿಕೊಂಡರು. ತಾಯಿಗೆ ನಮಸ್ಕಾರ, ಬಡವರಿಗೆ ಅನ್ನ, ಹೆಣ್ಣಿಗೆ ರಕ್ಷಣೆ. ದಿನವಿಡೀ ದುಡಿದು ಬಂದವನಿಗೆ ತನ್ನದೇ ಬಟ್ಟೆ ಹಾಕಿದವನು ಗೆಲ್ಲೋದು ನೋಡಿದರೆ ಹೊಟ್ಟೆ ತುಂಬಿದ ಹಾಗೆ. ‘ರಿಕ್ಷಾಕ್ಕಾರನ್’ಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿಯೂ ಬಂತು.

ಈ ಪಾತ್ರಗಳ ಬೆಲೆ ಮತಪೆಟ್ಟಿಗೆಯಲ್ಲೂ ಕಂಡಿತು. 1977ರಿಂದ 1987ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವ ತನಕ, ನಡುವೆ ಕೆಲವು ತಿಂಗಳ ರಾಷ್ಟ್ರಪತಿ ಆಳ್ವಿಕೆ ಬಿಟ್ಟರೆ, ಎಂಜಿಆರ್ ತಮಿಳುನಾಡಿನ ಮುಖ್ಯಮಂತ್ರಿ. ಅವರಿಗೆ ಮುಂಚೆ ಅಣ್ಣಾದುರೈ, ಕರುಣಾನಿಧಿ, ಅವರ ನಂತರ ಪತ್ನಿ ವಿ.ಎನ್. ಜಾನಕಿ, ಆಮೇಲೆ ಜಯಲಲಿತಾ. ಐದು ಜನ ಮುಖ್ಯಮಂತ್ರಿಗಳು ಸಿನಿಮಾದಿಂದ ಬಂದವರು. ಅವರ ಪಕ್ಷದ ಗಾಳಿ ಗಡಿ ದಾಟಿ ಇಲ್ಲಿಗೂ ಬೀಸಿತ್ತು. ಕೆಜಿಎಫ್ ವಿಧಾನಸಭಾ ಕ್ಷೇತ್ರದಲ್ಲಿ ಎಐಎಡಿಎಂಕೆ ಅಭ್ಯರ್ಥಿ ಗೆದ್ದು ಬೆಂಗಳೂರಿನ ವಿಧಾನಸೌಧಕ್ಕೆ ಹೋದ ಇತಿಹಾಸ ನಮ್ಮ ಜಿಲ್ಲೆಯಲ್ಲೇ ಇದೆ.

ಶಿವಾಜಿ, ಎಂಜಿಆರ್ ಇಬ್ಬರೂ ಒಟ್ಟಿಗೆ ನಟಿಸಿದ್ದು ಒಂದೇ ಚಿತ್ರ, 1954ರ ‘ಕೂಂಡುಕ್ಕಿಳಿ’. ಆಮೇಲೆ ಎರಡು ಪಾಳಯ. ‘ಕರ್ಣನ್’ ತೆರೆ ಕಂಡ ಅದೇ ಪೊಂಗಲ್‌ಗೆ ಎಂಜಿಆರ್ ಅವರ ‘ವೇಟ್ಟೈಕ್ಕಾರನ್’ ಕೂಡ ಬಿಡುಗಡೆಯಾಯಿತು. ಅಭಿಮಾನಿಗಳ ನಡುವೆ ಪೈಪೋಟಿ ಎಷ್ಟಿತ್ತೆಂದರೆ ಒಂದೇ ಬೀದಿಯಲ್ಲಿ ಎರಡು ಅಭಿಮಾನಿ ಸಂಘಗಳ ಬೋರ್ಡು ಎದುರುಬದುರು.

ಇಬ್ಬರು ಹೀರೋ, ಒಂದೇ ಗಂಟಲು

ಇಷ್ಟು ಜಗಳ ಆಡಿದ ಅಭಿಮಾನಿಗಳು ಕೇಳಿದ್ದು ಬಹುಪಾಲು ಒಬ್ಬರದ್ದೇ ಹಾಡು. ಟಿ.ಎಂ. ಸೌಂದರರಾಜನ್ ಇಬ್ಬರಿಗೂ ಹಾಡ್ತಿದ್ದರು. ಶಿವಾಜಿಗೆ ಹಾಡುವಾಗ ಗಂಟಲಿನ ಆಳದಿಂದ, ಎಂಜಿಆರ್‌ಗೆ ಹಾಡುವಾಗ ಹಗುರವಾಗಿ, ಮೇಲಕ್ಕೆ ತೇಲಿಸಿ. ತೆರೆ ನೋಡದೆ, ಬರೀ ಹಾಡು ಕೇಳಿ ‘ಇದು ಯಾರ ಸಿನಿಮಾ’ ಅಂತ ಹೇಳುವವರು ಆಗ ಊರೂರಲ್ಲಿ ಇದ್ದರು.

ಸಂಗೀತಕ್ಕೆ ಎಂ.ಎಸ್. ವಿಶ್ವನಾಥನ್ ಮತ್ತು ಟಿ.ಕೆ. ರಾಮಮೂರ್ತಿ ಜೋಡಿ. ಸಾಹಿತ್ಯಕ್ಕೆ ಕಣ್ಣದಾಸನ್, ವಾಲಿ, 29ನೇ ವಯಸ್ಸಿಗೇ ತೀರಿಕೊಂಡ ಪಟ್ಟುಕ್ಕೋಟ್ಟೈ ಕಲ್ಯಾಣಸುಂದರಂ. ಸಾವು, ಸಾಲ, ಮಗಳ ಮದುವೆ, ಅಣ್ಣ–ತಮ್ಮನ ಜಗಳ, ಕೈಕೊಟ್ಟ ಗೆಳೆಯ, ಯಾವ ಸಂಕಟಕ್ಕೂ ಇವರಲ್ಲಿ ಒಂದು ಹಾಡು ಸಿಗುತ್ತೆ. ಮಾತು ಸರಳ, ರಾಗ ಬಾಯಲ್ಲಿ ನಿಲ್ಲುವಂಥದ್ದು. ಕೆಲಸ ಮಾಡ್ತಾ ಮಾಡ್ತಾ ಗುನುಗಬಹುದು. ಆದ್ದರಿಂದಲೇ ಸಿನಿಮಾ ಮರೆತರೂ ಹಾಡು ಮರೆಯಲ್ಲ.

‘ಜೆಮಿನಿ’ ಗಣೇಶನ್‌ಗೆ ಹೆಚ್ಚಾಗಿ ಹಾಡಿದ್ದು ಯಾರು ಗೊತ್ತಾ? ಪಿ.ಬಿ. ಶ್ರೀನಿವಾಸ್. ಅಂದರೆ ಕನ್ನಡಿಗರು ವರ್ಷಗಟ್ಟಲೆ ‘ರಾಜ್‌ಕುಮಾರ್ ಧ್ವನಿ’ ಅಂತ ಅಂದುಕೊಂಡಿದ್ದ ಅದೇ ಧ್ವನಿ, ಅಲ್ಲಿ ‘ಕಾದಲ್ ಮನ್ನನ್’ ಜೆಮಿನಿಯ ಧ್ವನಿ.

ಐದು ನಿಮಿಷ ಬಂದರೂ ನೆನಪಲ್ಲಿ ಉಳಿಯುವವರು

ಹೀರೋಗಳಷ್ಟೇ ಗಟ್ಟಿ ಸುತ್ತಲಿನವರೂ ಇದ್ದರು. 1965ರ ‘ತಿರುವಿಳೈಯಾಡಲ್’ನಲ್ಲಿ ನಾಗೇಶ್ ಮಾಡಿದ ಬಡಕವಿ ಧರುಮಿಯ ಪಾತ್ರ ಬರುವುದು ಸ್ವಲ್ಪವೇ ಹೊತ್ತು. ರಾಜ ಇಟ್ಟ ಸಾವಿರ ಹೊನ್ನಿನ ಆಸೆ, ಕವಿತೆ ಬರೆಯೋಕೆ ಬಾರದ ಸಂಕಟ, ಒಬ್ಬನೇ ಗೊಣಗಿಕೊಳ್ಳುವ ಮಾತು. ಚಿತ್ರದಲ್ಲಿ ಶಿವನಾಗಿ ಶಿವಾಜಿ ಇದ್ದರೂ ಜನ ಮೊದಲು ನೆನಪು ಮಾಡಿಕೊಳ್ಳೋದು ಧರುಮಿಯನ್ನು. ಧಾರಾಪುರದಲ್ಲಿ ಹುಟ್ಟಿದ ನಾಗೇಶ್ ಮನೆಮಾತು ಕನ್ನಡ. ರೈಲ್ವೆ ಇಲಾಖೆಯಲ್ಲಿ ಗುಮಾಸ್ತರಾಗಿದ್ದವರು.

1964ರ ‘ಕಾದಲಿಕ್ಕ ನೇರಮಿಲ್ಲೈ’ಯಲ್ಲಿ ಸಿನಿಮಾ ಹುಚ್ಚಿನ ಮಗ ನಾಗೇಶ್, ಅಪ್ಪ ಟಿ.ಎಸ್. ಬಾಲಯ್ಯನಿಗೆ ದೆವ್ವದ ಕಥೆ ಹೇಳುವ ದೃಶ್ಯ ಇದೆ. ಇಬ್ಬರು ಎದುರುಬದುರು, ಬೇರೇನೂ ಇಲ್ಲ. ಅಪ್ಪ ಹೆದರುತ್ತಾ ಹೋದ ಹಾಗೆ ಥಿಯೇಟರ್ ನಗುತ್ತಾ ಹೋಗುತ್ತೆ. ಇದೇ ಕಥೆ 1979ರಲ್ಲಿ ‘ಪ್ರೀತಿ ಮಾಡು ತಮಾಷೆ ನೋಡು’ ಅಂತ ಕನ್ನಡಕ್ಕೂ ಬಂತು.

‘ತಿಲ್ಲಾನಾ ಮೋಹನಾಂಬಾಳ್’ನ ಜಿಲ್ ಜಿಲ್ ರಮಾಮಣಿಯಾಗಿ ಮನೋರಮಾ, ಕತ್ತಿ ಹಿಡಿದ ಖಳನಾಗಿ ಎಂ.ಎನ್. ನಂಬಿಯಾರ್. ತೆರೆ ಮೇಲೆ ನಂಬಿಯಾರ್ ಕಂಡರೆ ಮಕ್ಕಳು ಹೆದರ್ತಿದ್ದರು. ಹೊರಗೆ ಅವರು ವರ್ಷ ವರ್ಷ ಇರುಮುಡಿ ಹೊತ್ತು ಶಬರಿಮಲೆಗೆ ಹೋಗುವ ಗುರುಸ್ವಾಮಿ.

ತಮಿಳು ಚಿತ್ರ, ಕನ್ನಡದವರ ಪಾಲು

ಆಗ ಮದ್ರಾಸ್ ಅಂದರೆ ದಕ್ಷಿಣದ ನಾಲ್ಕೂ ಭಾಷೆಗಳ ಸಿನಿಮಾ ಕಾರ್ಖಾನೆ. ಎವಿಎಂ, ಜೆಮಿನಿ, ವಾಹಿನಿ ಸ್ಟುಡಿಯೋಗಳೆಲ್ಲ ಅಲ್ಲೇ. ಕನ್ನಡ ಚಿತ್ರಗಳೂ ಅಲ್ಲೇ ತಯಾರಾಗ್ತಿದ್ದವು. ಹೀಗಾಗಿ ತಮಿಳಿನ ‘ಹಳೇ ಚಿನ್ನ’ದಲ್ಲಿ ಕನ್ನಡದವರ ಬೆವರೂ ಇದೆ.

‘ಪರಾಶಕ್ತಿ’ಯಲ್ಲಿ ಶಿವಾಜಿಯ ಮೊದಲ ನಾಯಕಿ ಭಟ್ಕಳ ಮೂಲದ ಪಂಢರಿಬಾಯಿ. ಎರಡು ವರ್ಷದ ನಂತರ, 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರ ಮೊದಲ ನಾಯಕಿಯೂ ಅವರೇ. ಎರಡು ಭಾಷೆಯ ಇಬ್ಬರು ಮೇರುನಟರ ಮೊದಲ ಹೆಜ್ಜೆಗೆ ಜೊತೆಯಾದವರು ಒಬ್ಬರೇ ನಟಿ.

ಬೆಂಗಳೂರಿನ ಬಿ. ಸರೋಜಾದೇವಿ 1955ರ ‘ಮಹಾಕವಿ ಕಾಳಿದಾಸ’ದಿಂದ ಕನ್ನಡದಲ್ಲಿ ಶುರು ಮಾಡಿದರು. 1958ರಲ್ಲಿ ಎಂಜಿಆರ್ ತಾವೇ ನಿರ್ಮಿಸಿ ನಿರ್ದೇಶಿಸಿದ ‘ನಾಡೋಡಿ ಮನ್ನನ್’ ಅವರನ್ನು ತಮಿಳರ ಮನೆಮಾತು ಮಾಡಿತು. ಅವರ ತಮಿಳಿನಲ್ಲಿದ್ದ ಕನ್ನಡದ ಲಯವನ್ನೇ ಜನ ಮೆಚ್ಚಿ ‘ಕನ್ನಡತ್ತು ಪೈಂಗಿಳಿ’, ಅಂದರೆ ಕನ್ನಡದ ಗಿಣಿ ಅಂತ ಕರೆದರು. 2025ರ ಜುಲೈ 14ರಂದು ಅವರು ತೀರಿಕೊಂಡಾಗ ಎರಡೂ ರಾಜ್ಯಗಳು ತಮ್ಮ ಮನೆಯವರನ್ನು ಕಳೆದುಕೊಂಡ ಹಾಗೆ ಕಂಬನಿ ಮಿಡಿದವು.

ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ನಾಯಕಿಯಾದ ಮೊದಲ ಚಿತ್ರ 1964ರ ಕನ್ನಡದ ‘ಚಿನ್ನದ ಗೊಂಬೆ’. ಅವಕಾಶ ಕೊಟ್ಟವರು ಮತ್ತೆ ನಮ್ಮ ಪಂತುಲು. ‘ಕರ್ಣನ್’ನಲ್ಲಿ ಕುಂತಿಯಾದ ಎಂ.ವಿ. ರಾಜಮ್ಮ ಕನ್ನಡದ ರಂಗಭೂಮಿಯಿಂದ ಬಂದವರು. 1958ರ ‘ಸ್ಕೂಲ್ ಮಾಸ್ಟರ್’ನಲ್ಲಿ ಪಂತುಲು ಮೇಷ್ಟ್ರಾದರೆ ಅವರ ಹೆಂಡತಿ ಪಾತ್ರ ಈ ರಾಜಮ್ಮನದ್ದು.

ಇನ್ನು ಕೆಜಿಎಫ್. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಶುರು ಮಾಡಿದ ಮೇಲೆ ತಮಿಳು ಜಿಲ್ಲೆಗಳಿಂದ ಸಾವಿರಾರು ಕುಟುಂಬಗಳು ಇಲ್ಲಿಗೆ ಬಂದವು. ನೆಲದಡಿಯ ಕತ್ತಲಲ್ಲಿ ಪಾಳಿ ಮುಗಿಸಿ ಬಂದವರಿಗೆ ತಮ್ಮ ಭಾಷೆಯ ಸಿನಿಮಾ ಅಂದರೆ ಊರಿಗೆ ಹೋಗಿ ಬಂದ ಹಾಗೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅದೇ ವರ್ಷ ಜುಲೈ 21ಕ್ಕೆ ಶಿವಾಜಿ ತೀರಿಕೊಂಡರು. ಹಾಡುಗಳು ಮಾತ್ರ ಲೈನ್ ಮನೆಗಳಲ್ಲಿ ಇನ್ನೂ ಕೇಳುತ್ತವೆ.

ಎಲ್ಲ ಒಳ್ಳೇದೇನಲ್ಲ

ಹಳೇದೆಲ್ಲ ಚಿನ್ನ ಅಂತ ಹೇಳೋಕೂ ಆಗಲ್ಲ. ಆ ಚಿತ್ರಗಳಲ್ಲಿ ಹೆಣ್ಣಿಗೆ ಬುದ್ಧಿ ಹೇಳುವ ಹೀರೋ, ಎಲ್ಲ ಸಹಿಸುವ ಹೆಂಡತಿ ಸಾಮಾನ್ಯ. ಓದಿದ, ಪ್ಯಾಂಟ್ ಹಾಕಿದ ಹುಡುಗಿ ಅಂದರೆ ಅಹಂಕಾರಿ, ಕೊನೆಗೆ ಸೀರೆ ಉಟ್ಟು ತಲೆ ಬಗ್ಗಿಸಬೇಕು. ಮೂರು ಗಂಟೆಯ ಉದ್ದ, ಕಥೆಗೆ ಸಂಬಂಧವಿಲ್ಲದ ಕಾಮಿಡಿ ಟ್ರ್ಯಾಕ್ ಕೂಡ ಇವತ್ತು ಬೇಸರ ತರಿಸಬಹುದು. ಅದೇ ಕಾಲದಲ್ಲೇ ‘ಪಾಸಮಲರ್’ನ ಸಾವಿತ್ರಿ, ‘ತಿಲ್ಲಾನಾ ಮೋಹನಾಂಬಾಳ್’ನ ಪದ್ಮಿನಿ ಹೀರೋಗೆ ಒಂದಿಂಚೂ ಕಡಿಮೆಯಿಲ್ಲದೆ ನಿಂತರು. ಅಂಥ ಚಿತ್ರಗಳು ಉಳಿದವು. ಬರೀ ಫಾರ್ಮುಲಾ ನಂಬಿದ ನೂರಾರು ಚಿತ್ರಗಳ ಹೆಸರೂ ಯಾರಿಗೂ ನೆನಪಿಲ್ಲ.

ಉಳಿದಿದ್ದು ಎಷ್ಟು, ಹೋಗಿದ್ದು ಎಷ್ಟು?

ಈಗ ಚಿಂತೆಯ ವಿಷಯ. ಜನಕ್ಕೆ ಇಷ್ಟ ಇದ್ದರೆ ಸಿನಿಮಾ ತಾನಾಗೇ ಉಳಿಯುತ್ತೆ ಅನ್ನೋದು ತಪ್ಪು ಲೆಕ್ಕ. ತಮಿಳಿನ ಮೊದಲ ಮಾತಿನ ಚಿತ್ರ 1931ರ ‘ಕಾಳಿದಾಸ್’. ಅದು ಇವತ್ತು ನೋಡೋಕೆ ಸಿಗಲ್ಲ. ದಕ್ಷಿಣದ ಮೊದಲ ಮೂಕಿ ಚಿತ್ರ, ನಟರಾಜ ಮೊದಲಿಯಾರ್ ಮಾಡಿದ ‘ಕೀಚಕ ವಧಂ’ ಕೂಡ ಇಲ್ಲ.

ಕಾರಣ ಸರಳ. 1950ರ ದಶಕದ ಶುರುವಿನ ತನಕ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮ್‌ಗೆ ಬೆಂಕಿ ಅಂದರೆ ಸಾಕು, ಭಗ್ ಅಂತ ಹೊತ್ತಿಕೊಳ್ಳುತ್ತೆ. ಆಮೇಲೆ ಬಂದ ಅಸಿಟೇಟ್ ಫಿಲ್ಮ್ ಸೆಖೆ, ತೇವಕ್ಕೆ ನಿಧಾನವಾಗಿ ಕೊಳೆಯುತ್ತೆ. ವಿನೆಗರ್ ತರಹ ಹುಳಿ ವಾಸನೆ ಬಂದರೆ ಫಿಲ್ಮ್ ಸಾಯ್ತಿದೆ ಅಂತ ಅರ್ಥ. ಇನ್ನೊಂದು, ಕಪ್ಪು–ಬಿಳುಪು ಫಿಲ್ಮ್‌ನಲ್ಲಿ ಬೆಳ್ಳಿ ಅಂಶ ಇರುತ್ತೆ. ಓಟ ಮುಗಿದ ಪ್ರಿಂಟ್‌ಗಳನ್ನು ಬೆಳ್ಳಿಗಾಗಿ ಗುಜರಿಗೆ ಹಾಕಿ ತೊಳೆದವರಿದ್ದಾರೆ. ಆಗ ಟಿವಿ ಇಲ್ಲ, ಮೊಬೈಲ್ ಇಲ್ಲ. ಓಡಿ ಮುಗಿದ ಸಿನಿಮಾಗೆ ಮತ್ತೆ ಬೆಲೆ ಬರುತ್ತೆ ಅಂತ ಯಾರು ಅಂದುಕೊಂಡಿದ್ದರು?

‘ಕರ್ಣನ್’ ತರಹದ ಚಿತ್ರವನ್ನು ಮತ್ತೆ ತರುವುದು ಹೇಗೆ? ಮೊದಲು ಮೂಲ ನೆಗೆಟಿವ್ ಅಥವಾ ಒಳ್ಳೆ ಪ್ರಿಂಟ್ ಹುಡುಕಬೇಕು. ಧೂಳು, ಬೂಷ್ಟು ತೆಗೆದು ಒಂದೊಂದೇ ಚೌಕವನ್ನು ಸ್ಕ್ಯಾನ್ ಮಾಡಬೇಕು. ಸೆಕೆಂಡಿಗೆ 24 ಚೌಕ. ಮೂರು ಗಂಟೆಯ ಚಿತ್ರ ಅಂದರೆ 2,59,200 ಚೌಕಗಳು. ಗೀರು, ಕಲೆ, ಬಣ್ಣ ಮಾಸಿದ್ದು ಎಲ್ಲ ಕಂಪ್ಯೂಟರ್‌ನಲ್ಲಿ ಸರಿ ಮಾಡಬೇಕು. ಫಿಲ್ಮ್ ಅಂಚಿನಲ್ಲಿರುವ ಧ್ವನಿಪಟ್ಟಿಯಿಂದ ಗರಗರ ಸದ್ದು ತೆಗೆದು ಇವತ್ತಿನ ಥಿಯೇಟರ್ ಸ್ಪೀಕರ್‌ಗಳಿಗೆ ಹೊಂದಿಸಬೇಕು. ಇದಕ್ಕೆಲ್ಲ ತಿಂಗಳುಗಟ್ಟಲೆ ಸಮಯ, ದೊಡ್ಡ ಖರ್ಚು. ಹಾಗಾಗಿ ದೊಡ್ಡ ಹೀರೋಗಳ ಕೆಲವೇ ಚಿತ್ರಗಳಿಗೆ ಈ ಭಾಗ್ಯ. ಉಳಿದವು ಟಿವಿಗೆ ಅಂತ ಮಾಡಿದ ಮಸುಕು ಟೇಪ್‌ನಲ್ಲಷ್ಟೇ ಉಸಿರಾಡ್ತಿವೆ.

ಹಕ್ಕು ಯಾರದ್ದು?

ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ ಸಿನಿಮಾದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. ಆ ಲೆಕ್ಕದಲ್ಲಿ 1964ರ ಚಿತ್ರದ ಹಕ್ಕು 2024ರ ಡಿಸೆಂಬರ್ 31ಕ್ಕೆ, 1965ರ ಚಿತ್ರದ್ದು 2025ರ ಡಿಸೆಂಬರ್ 31ಕ್ಕೆ ಮುಗಿಯುತ್ತೆ. ಆದರೆ ಹಾಡಿನ ಸಾಹಿತ್ಯ, ರಾಗಕ್ಕೆ ಬೇರೆ ಲೆಕ್ಕ. ಬರೆದವರು ತೀರಿಕೊಂಡ ಮೇಲೆ 60 ವರ್ಷ. ಕಣ್ಣದಾಸನ್ ತೀರಿಕೊಂಡಿದ್ದು 1981ರಲ್ಲಿ, ಅಂದರೆ ಅವರ ಸಾಹಿತ್ಯದ ಹಕ್ಕು 2041ರ ತನಕ. ಆದ್ದರಿಂದ ‘ಹಳೇದು ತಾನೇ’ ಅಂತ ಅಂಗಡಿಯವರು ಪೆನ್‌ಡ್ರೈವ್‌ಗೆ ತುಂಬಿ ಮಾರಿದರೆ ತೊಂದರೆ ತಪ್ಪಲ್ಲ.

ಇಲ್ಲೊಂದು ವಿಚಿತ್ರ ನೋಡಿ. ಕಾನೂನಿನಲ್ಲಿ ಸಿನಿಮಾ ಎಲ್ಲರದ್ದಾಗುವ ಹೊತ್ತಿಗೆ ಅದರ ಒಳ್ಳೆ ಪ್ರತಿಯೇ ಯಾರ ಹತ್ತಿರವೂ ಇಲ್ಲದಿರಬಹುದು. ಹಕ್ಕು ಸಿಕ್ಕಿತು, ಫಿಲ್ಮ್ ಇಲ್ಲ.

ನಮ್ಮ ಕಡೆಯವರು ಏನು ಮಾಡಬಹುದು?

ಮುಚ್ಚಿದ ಟಾಕೀಸ್, ಹಳೇ ಡಿಸ್ಟ್ರಿಬ್ಯೂಟರ್ ಗೋಡೌನ್, ಟೆಂಟ್ ಸಿನಿಮಾ ನಡೆಸಿದವರ ಅಟ್ಟದ ಮೇಲೆ ಕೆಲವೊಮ್ಮೆ ರೀಲ್ ಡಬ್ಬಿಗಳು ಸಿಗುತ್ತವೆ. ಗುಜರಿ ಅಂಗಡಿಯವರ ಕೈಗೂ ಬರುತ್ತವೆ. ತಮಿಳು, ಕನ್ನಡ, ತೆಲುಗು ಯಾವುದೇ ಆಗಲಿ, ಸಿಕ್ಕರೆ ಇಷ್ಟು ಮಾಡಿ:

* ಡಬ್ಬಿಯನ್ನು ಬಿಸಿಲು, ಒಲೆ, ಬೀಡಿ ಬೆಂಕಿಯಿಂದ ದೂರ ಇಡಿ. ತಂಪಾದ, ಒಣ ಜಾಗದಲ್ಲಿರಲಿ.
* ರೀಲ್ ಬಿಚ್ಚಿ ಎಳೆಯಬೇಡಿ. ಒಣಗಿದ ಫಿಲ್ಮ್ ಪಟಪಟ ಮುರಿಯುತ್ತೆ.
* ಡಬ್ಬಿ ಮೇಲಿನ ಹೆಸರು, ರೀಲ್ ನಂಬರ್ ಫೋಟೋ ತೆಗೆದಿಡಿ.
* ಕೆಜಿ ಲೆಕ್ಕದಲ್ಲಿ ಮಾರುವ ಮುಂಚೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರಕ್ಕೆ ವಿಷಯ ತಿಳಿಸಿ. 1964ರಲ್ಲಿ ಶುರುವಾದ ಈ ಸರ್ಕಾರಿ ಸಂಸ್ಥೆಯ ಕೆಲಸವೇ ಹಳೇ ಚಿತ್ರಗಳನ್ನು ಕಾಪಾಡುವುದು.
* ಹಾಡಿನ ಪುಸ್ತಕ, ಪೋಸ್ಟರ್, ಟಿಕೆಟ್, ಹ್ಯಾಂಡ್‌ಬಿಲ್‌ಗಳಿಗೂ ಬೆಲೆ ಇದೆ. ಕೆಲವು ಚಿತ್ರಗಳ ಬಗ್ಗೆ ಉಳಿದಿರುವ ಸಾಕ್ಷಿ ಅಷ್ಟೇ.

ಪಂತುಲು 1974ರ ಅಕ್ಟೋಬರ್ 8ರಂದು ತೀರಿಕೊಂಡರು. ಅವರ ಎರಡು ಚಿತ್ರಗಳು ಮತ್ತೆ ನೂರು ದಿನ ಓಡಿದ್ದು ಜನರ ಪ್ರೀತಿಯಿಂದ ಅನ್ನೋದು ನಿಜ. ಅದಕ್ಕೂ ಮುಂಚೆ, ಅವುಗಳ ಫಿಲ್ಮ್ ಡಬ್ಬಿಯನ್ನು ಯಾರೋ ಗುಜರಿಗೆ ಹಾಕದೆ ಇಟ್ಟುಕೊಂಡಿದ್ದರು ಅನ್ನೋದೂ ಅಷ್ಟೇ ನಿಜ.